ಎತ್ತು ನಿಲ್ಲಿಸಿದ ಸದ್ದು

ದೆವ್ವ, ಗಾಳಿ, ಕನಸಿನಲ್ಲಿ ಸತ್ತವರು ಬಂದು ಊಟ ಕೇಳುವುದು, ಇಂಥವನ್ನು ಹೇಳುವವರನ್ನು ಕಂಡರೆ ನನಗೆ ಮೊದಲಿನಿಂದಲೂ ತಾತ್ಸಾರ. ಅವರ ಕತೆ ಕೇಳಿದ ಮರುದಿನವೇ ಅದನ್ನು ಅವರದೇ ದನಿಯಲ್ಲಿ ನಮ್ಮ ಮಿಲ್ಲಿನ ಕ್ಯಾಂಟೀನಿನಲ್ಲಿ ಹೇಳಿ ನಗಿಸುತ್ತಿದ್ದೆ. ಹೆಗ್ಗನಹಳ್ಳಿಯ ಪೂಜಾರಿಗೆ ಮೈಮೇಲೆ ಬರುವುದನ್ನು ಮಾಡಿ ತೋರಿಸಿದರೆ, ಪೂಜಾರಿಗಿಂತ ನಿನಗೇ ದೇವರು ಚೆನ್ನಾಗಿ ಒಲಿದಿದೆ ಎನ್ನುತ್ತಿದ್ದರು. ಅಂಥವನು ಈಗ ಅದೇ ಜಾತಿಯ ಕತೆಯೊಂದನ್ನು ಹಿಡಿದು ನಿಮ್ಮ ಮುಂದೆ ಕೂತಿದ್ದೇನೆ. ನೀವು ನಗಬಹುದು. ನಿಮ್ಮ ಜಾಗದಲ್ಲಿ ನಾನಿದ್ದರೆ ನಗುತ್ತಿದ್ದೆ, ಆಮೇಲೆ ನೀವು ನಗುವ ಚೆಂದವನ್ನೂ ಅಣಕಿಸುತ್ತಿದ್ದೆ.

ಕೆಲವು ವರ್ಷಗಳ ಹಿಂದೆ ನಾವು ಮೂವರು ಸಿಂಗಪುರಕ್ಕೆ ಹೋಗಿದ್ದೆವು. ಬೆನ್ನಿಗೆ ಚೀಲ ಏರಿಸಿಕೊಂಡು ಊರೂರು ತಿರುಗುವುದು ಹೊಸ ಕಾಲದ ತರುಣರ ಲಕ್ಷಣ ಎಂದು ಶೇಷು ಎಲ್ಲೋ ಓದಿದ್ದ. ಶೇಷು ಎಂದರೆ ರಾಜಾಜಿನಗರದಲ್ಲಿ ಹೊಸದಾಗಿ ಮನೆ ಕಟ್ಟಿಸಿದ ಗುಮಾಸ್ತರೊಬ್ಬರ ಮಗ. ಜಗತ್ತಿನಲ್ಲಿ ಅವನಿಗೆ ಗೊತ್ತಿಲ್ಲದ್ದು ಒಂದೇ, ತನಗೆ ಏನೂ ಗೊತ್ತಿಲ್ಲ ಎಂಬುದು. ಅವನ ಸೋದರಮಾವ ಸಿಂಗಪುರದಲ್ಲಿ ಇಡ್ಲಿ ಹೋಟೆಲು ಇಟ್ಟಿದ್ದರು. ಮಿಲಿಟರಿಯವರು ಹರಾಜು ಹಾಕಿದ ಹಳೇ ಕ್ಯಾನ್ವಾಸ್ ಚೀಲಗಳನ್ನು ಕೊಂಡು, ಮದರಾಸಿನಲ್ಲಿ ಹಡಗು ಹತ್ತಿ, ಡೆಕ್ಕಿನ ಮೇಲೆ ಆಡು ಕುರಿಗಳಂತೆ ಮಲಗಿ ಹೋದೆವು. ಶೇಷು ದಾರಿಯುದ್ದಕ್ಕೂ ವಾಂತಿ ಮಾಡಿದ. ನಾನು ಅದನ್ನೂ ಮಾಡಿ ತೋರಿಸಿ ಡೆಕ್ಕನ್ನೆಲ್ಲ ನಗಿಸಿದೆ, ಮರುದಿನ ನಿಜವಾಗಿಯೇ ಮಾಡಿದೆ.

ತಿರುಗಾಟ ನಮ್ಮಿಬ್ಬರಿಗೆ. ಮೂರನೆಯವನಾದ ನಂಜನಿಗೆ ಅಲ್ಲ. ನಂಜ ನಮ್ಮ ಮಾರೇನಹಳ್ಳಿಯವನೇ, ನನ್ನ ಪಕ್ಕದ ಮನೆ. ಅವನ ಅಪ್ಪ ಕೆಂಪಣ್ಣ ಯುದ್ಧದ ಕಾಲದಲ್ಲಿ, ಹೇಸರಗತ್ತೆ ನೋಡಿಕೊಳ್ಳುವ ಕೆಲಸವೆಂದು, ಯಾವನೋ ಕಂಟ್ರಾಕ್ಟರನ ಹಿಂದೆ ಸಿಂಗಪುರಕ್ಕೆ ಹೋದವನು. ಆಮೇಲೆ ಆ ಊರು ಜಪಾನಿನವರ ಕೈಗೆ ಸಿಕ್ಕಿತು. ಕೆಂಪಣ್ಣನ ಸುದ್ದಿಯೇ ಇಲ್ಲ. ಹನ್ನೆರಡು ವರ್ಷ ಸುದ್ದಿಯಿಲ್ಲದವನನ್ನು ಸತ್ತನೆಂದೇ ಲೆಕ್ಕ ಹಾಕಿ, ದರ್ಭೆಯಲ್ಲಿ ಬೊಂಬೆ ಮಾಡಿ ಸುಟ್ಟು, ತಿಥಿ ಮಾಡಿ, ಹೆಂಡತಿಯ ಬಳೆ ಒಡೆಸಬೇಕು ಎಂಬುದು ಹಿರಿಯರ ಮಾತು. ಆ ವರ್ಷ ಹನ್ನೆರಡು ತುಂಬುತ್ತಿತ್ತು. ನಂಜನ ಚಿಕ್ಕಪ್ಪ ಮುನಿಯಪ್ಪನಿಗೆ ಅಣ್ಣ ಬರುವುದಕ್ಕಿಂತ ತಿಥಿ ಮುಗಿಯುವುದರ ಮೇಲೇ ಹೆಚ್ಚು ಅಕ್ಕರೆ. ದಿನವನ್ನೂ ಗೊತ್ತು ಮಾಡಿದ್ದ. ಅಷ್ಟರೊಳಗೆ ಒಂದು ಸಲ ಹೋಗಿ ವಿಚಾರಿಸಿ ಬರುತ್ತೇನೆಂದು ನಂಜ ಹಟ ಹಿಡಿದು, ಅವ್ವನಿಗೆ ಮಾತು ಕೊಟ್ಟು ಹೊರಟಿದ್ದ.

ಇಲ್ಲಿ ಕೆಂಪಣ್ಣನ ಎತ್ತುಗಳ ವಿಷಯ ಹೇಳಲೇಬೇಕು. ಆಗ ನಮ್ಮ ಕಡೆ ತೋಟಕ್ಕೆ ನೀರೆತ್ತುವುದು ಕಪಿಲೆಯಲ್ಲಿ. ಎತ್ತುಗಳು ಇಳಿಜಾರಿನಲ್ಲಿ ಮುಂದೆ ನಡೆದರೆ ಬಾವಿಯಿಂದ ಚರ್ಮದ ಚೀಲ ಮೇಲೆ ಬರುತ್ತದೆ, ಹಿಂದೆ ನಡೆದರೆ ಕೆಳಗಿಳಿಯುತ್ತದೆ. ಊರಿನವರೆಲ್ಲ ಎತ್ತನ್ನು ನಡೆಸುವುದಕ್ಕೆ ‘ಹೈ’ ಎನ್ನುತ್ತಾರೆ, ನಿಲ್ಲಿಸುವುದಕ್ಕೆ ‘ಹೋ’ ಎಂದು ಎಳೆಯುತ್ತಾರೆ. ಕೆಂಪಣ್ಣನದು ಉಲ್ಟಾ. ಅವನು ‘ಹೋ’ ಎಂದರೆ ಎತ್ತು ಮುಂದೆ, ‘ಹೈ’ ಎಂದರೆ ಹಿಂದೆ. ಹುಡುಗನಾಗಿದ್ದಾಗ ಹೇಳಿಕೊಡುವವರಿಲ್ಲದೆ ತಾನೇ ತಪ್ಪಾಗಿ ಪಳಗಿಸಿದ್ದನಂತೆ. ಜನ ನಕ್ಕಷ್ಟೂ ಅದನ್ನೇ ಗಟ್ಟಿಯಾಗಿ ಹಿಡಿದ. ಬೇರೆಯವರ ಕೈಗೆ ಆ ಎತ್ತು ಬಗ್ಗುತ್ತಿರಲಿಲ್ಲ. ನಿಲ್ಲಿಸುವಾಗ ಮಾತ್ರ ಅವುಗಳ ಕಿವಿಯ ಹತ್ತಿರ ಹೋಗಿ ಗಂಟಲಲ್ಲೇ ಏನೋ ಸದ್ದು ಮಾಡುತ್ತಿದ್ದ. ಗೋಡೆಯಾಚೆ ಕೂತು ಎಲ್ಲ ಕದ್ದು ಕಲಿಯುತ್ತಿದ್ದ ನನಗೆ ಅದೊಂದು ಕೇಳಿಸಿರಲಿಲ್ಲ.

ಅವನು ಹೋದ ಮೇಲೆ ಎತ್ತುಗಳು ಕಲ್ಲಿನ ಬಸವನ ಹಾಗೆ ನಿಂತುಬಿಟ್ಟವು. ನಾನು ಗೋಡೆಯ ಮೇಲಿಂದ ಕೆಂಪಣ್ಣನ ದನಿಯಲ್ಲಿ ‘ಹೋ’ ಎಂದೆ. ನಡೆದವು. ನನ್ನ ಜೀವನದ ಮೊದಲ ಚಪ್ಪಾಳೆ ಅದು. ಆದರೆ ನಿಲ್ಲಿಸುವುದು ಯಾರಿಗೆ ಗೊತ್ತು? ಊರಿನ ಪಂಡಿತರೆಲ್ಲ ಸೇರಿ ‘ಹೋ ಹೋ’ ಎಂದು ಕೂಗಿದಷ್ಟೂ ಅವು ಓಡಿದವು. ಹಗ್ಗ ಹರಿದುಕೊಂಡು, ರಾಗಿ ಹೊಲ ತುಳಿದು, ಮಾಗಡಿ ರಸ್ತೆ ಸೇರಿದವು. ನಂಜನ ಅವ್ವ ಕೊನೆಗೆ ಅವನ್ನು ಮಾರಿಬಿಟ್ಟರು.

ಸಿಂಗಪುರದ ಬಗ್ಗೆ ಶೇಷು ನಿಮಗೆ ಒಂದು ದಿನ ಪೂರ್ತಿ ಹೇಳಬಲ್ಲ, ನಾನು ಎರಡು ಮಾತಿನಲ್ಲಿ ಮುಗಿಸುತ್ತೇನೆ. ಇಡೀ ಊರು ಬೀದಿಯಲ್ಲೇ ಅಡಿಗೆ ಮಾಡುತ್ತದೆ, ಬೀದಿಯಲ್ಲೇ ಉಣ್ಣುತ್ತದೆ, ಬೀದಿಯಲ್ಲೇ ಜಗಳವಾಡುತ್ತದೆ. ನಮ್ಮ ಚಿಕ್ಕಪೇಟೆಗೆ ನಾಲ್ಕು ಭಾಷೆ ಕಲಿಸಿ ಸಮುದ್ರದ ಪಕ್ಕ ಬಿಟ್ಟರೆ ಹೇಗೋ ಹಾಗೆ. ಶೇಷು ಕಂಡ ಕಂಡ ಗೋಪುರದ ಮುಂದೆ ನಿಂತು ಉಪನ್ಯಾಸ ಕೊಡುತ್ತಿದ್ದ. ನಾನು ಸೈಕಲ್ ರಿಕ್ಷಾದವರ ಬೈಗುಳ ಕಲಿಯುತ್ತಿದ್ದೆ. ನಂಜ ಮಾತ್ರ ತಮಿಳರ ಅಂಗಡಿ, ಗುಡಿ, ಆಸ್ಪತ್ರೆ ಒಂದನ್ನೂ ಬಿಡದೆ ಅಪ್ಪನ ಹೆಸರು ಹೇಳಿಕೊಂಡು ಅಲೆದ. ಎಲ್ಲ ಕಡೆಯೂ ಒಂದೇ ಉತ್ತರ: ಆ ಕಾಲದಲ್ಲಿ ಹೋದವರಿಗೆ ಲೆಕ್ಕವಿಲ್ಲ, ತಮ್ಮಾ.

ಹೊರಡುವುದಕ್ಕೆ ಎರಡು ದಿನ ಇತ್ತು. ಸಂಜೆ ಬೆಳಕಿನ್ನೂ ಇದ್ದಾಗ ತಮಿಳರ ಬೀದಿಯ ತರಕಾರಿ ಮಾರುಕಟ್ಟೆಯಲ್ಲಿ ಹೋಗುತ್ತಿದ್ದೆವು. ಮುಂದೆ ಒಂದು ಎತ್ತಿನ ಗಾಡಿ ದಾರಿಗೆ ಅಡ್ಡ ನಿಂತಿತ್ತು. ಹಿಂದೆ ರಿಕ್ಷಾ, ಲಾರಿ, ತಲೆಹೊರೆಯವರು, ಎಲ್ಲರೂ ಸೇರಿ ಗಾಡಿಯವನ ವಂಶವನ್ನು ಬೈಯುತ್ತಿದ್ದರು. ಅವನು ತಮಿಳಿನವನು, ಬೆವರು ಸುರಿಸುತ್ತ ಬಾಲ ಹಿಂಡಿ ‘ಹೈ, ಹೈ’ ಎನ್ನುತ್ತಿದ್ದ. ಅವನು ಕೂಗಿದ ಹಾಗೆಲ್ಲ ಗಾಡಿ ಹಿಂದಕ್ಕೆ ಬರುತ್ತಿತ್ತು. ಎತ್ತು ಕೊಂಡು ಎರಡು ದಿನವಾಯಿತು, ಹುಚ್ಚು ಹಿಡಿದ ಮಾಲು ತಲೆಗೆ ಕಟ್ಟಿದ್ದಾರೆ ಎಂದು ಅವನು ಗೋಳಿಡುತ್ತಿದ್ದಾನೆಂದು ಶೇಷು ಅರ್ಥ ಹೇಳಿದ. ಆಮೇಲೆ ಉಷ್ಣವಲಯದ ಎತ್ತುಗಳ ಸ್ವಭಾವ ವಿವರಿಸತೊಡಗಿದ.

ಅವನ ಬಾಯಿ ಮುಚ್ಚಿಸಬೇಕೆಂಬ ಒಂದೇ ಆಸೆಯಿಂದ, ತಮಾಷೆಗೆ, ನಾನು ಕೆಂಪಣ್ಣನ ದನಿ ತೆಗೆದು ‘ಹೋ...’ ಎಂದೆ.

ಎತ್ತುಗಳು ಕಿವಿ ನಿಮಿರಿಸಿದವು. ಮುಂದೆ ನಡೆದವು.

ಜನ ಹೋ ಎಂದು ನಕ್ಕರು. ಆ ನಗುವೇ ಸಾಕಾಯಿತು, ಎತ್ತುಗಳು ಓಡತೊಡಗಿದವು. ಗಾಡಿಯವನು ಗಾಬರಿಯಾಗಿ ‘ಹೋ ಹೋ’ ಎಂದ, ಅವು ಇನ್ನೂ ಜೋರಾಗಿ ಓಡಿದವು. ಬೀದಿಯ ಬುದ್ಧಿವಂತರೆಲ್ಲ ಅವನ ಜೊತೆ ದನಿ ಸೇರಿಸಿದರು. ಎದುರಿಗೇ ಒಬ್ಬ ಚೀನೀ ಮುದುಕಿ ದೊಡ್ಡ ಕೊಳಗದಲ್ಲಿ ಏನೋ ಕುದಿಸುತ್ತ ಕೂತಿದ್ದಳು. ಆ ಗದ್ದಲದಲ್ಲಿ ಅವಳು ತಲೆ ಎತ್ತಲೂ ಇಲ್ಲ. ನನಗೋ ನಡೆಸುವುದು ಗೊತ್ತು, ನಿಲ್ಲಿಸುವುದು ಗೊತ್ತಿಲ್ಲ.

ಆಗ ನನ್ನ ಭುಜದ ಹಿಂದೆ ಒಂದು ಸದ್ದು ಕೇಳಿತು. ಕೆಮ್ಮಲ್ಲ, ಹೂಂಕಾರವೂ ಅಲ್ಲ, ಗಂಟಲಿನ ತಳದಲ್ಲಿ ಎರಡು ಸಲ ತಿರುಗಿ ಅಲ್ಲೇ ನಿಂತುಹೋದ ಸದ್ದು. ಅಷ್ಟು ಕೂಗಾಟದಲ್ಲಿ ಅದು ಕೇಳಿಸುವ ಹಾಗೇ ಇರಲಿಲ್ಲ. ನನಗೆ ಕೇಳಿಸಿತು. ಎತ್ತುಗಳಿಗೂ ಕೇಳಿಸಿತು. ಮುದುಕಿಯ ಒಲೆಗೆ ಕೈಯಳತೆಯ ದೂರದಲ್ಲಿ ಎರಡೂ ಒಟ್ಟಿಗೆ ಕಾಲೂರಿ ನಿಂತವು. ಆಮೇಲೆ ಕತ್ತು ಹೊರಳಿಸಿ ನನ್ನ ಕಡೆ ನೋಡಿದವು. ನನ್ನ ಕಡೆ ಅಲ್ಲ, ನನ್ನ ಹಿಂದೆ.

ತಿರುಗಿದೆ. ಹಿಂದೆ ಬಾಗಿಲು ಹಾಕಿದ ಅಂಗಡಿಯ ಹಲಗೆಗಳು. ಒಬ್ಬ ಮನುಷ್ಯ ನಿಲ್ಲುವಷ್ಟೂ ಜಾಗವಿರಲಿಲ್ಲ.

ನಂಜ ಬಂದು ನನ್ನ ಕೊರಳಪಟ್ಟಿ ಹಿಡಿದ.

“ಅಪ್ಪ ಎತ್ತು ನಿಲ್ಲಿಸ್ತಿದ್ದದ್ದು ನಿಂಗೆ ಹೆಂಗ್ಲಾ ಗೊತ್ತು?”

“ನಾನಲ್ಲ ಕಣೋ.”

“ಸುಳ್ಳು ಹೇಳ್ಬೇಡ ಮಗಾ. ಕಪಿಲೆ ಹಗ್ಗದ ಮೇಲೆ ಕೂತ್ಕೊಂಡು ದಿನಾ ಕೇಳಿದೀನಿ ನಾನು, ಮಾಡೋಕೆ ಬರ್ಲಿಲ್ಲ ಅಷ್ಟೆ. ಅದೇ ಸದ್ದು.”

“ನಿನ್ನಾಣೆ, ನಾನು ಬಾಯೇ ಬಿಟ್ಟಿಲ್ಲ.”

ಶೇಷು ನಕ್ಕ. ಇವನ ಬಾಯಿಂದ ಬರದ ಸದ್ದು ಉಂಟೇನೋ ಎಂದ. ಅವನನ್ನು ದೂರಿ ಪ್ರಯೋಜನವಿಲ್ಲ. ಊರಿಗೆಲ್ಲ ದನಿ ಬದಲಿಸಿ ಮೋಸ ಮಾಡಿ ನಗುವವನು ನಾನು, ಒಂದು ದಿನ ನಿಜ ಹೇಳಿದರೆ ನಂಬುವ ದಡ್ಡ ಯಾರು? ನಂಜ ನನ್ನನ್ನು ಬಿಟ್ಟು ಆ ಬೀದಿಯ ಒಂದೊಂದೇ ಮುಖ ನೋಡುತ್ತ ಹೋದ. ಹನ್ನೆರಡು ವರ್ಷದಲ್ಲಿ ಅಪ್ಪನ ಮುಖ ಹೇಗಾಗಿದ್ದೀತು ಎಂಬುದು ಅವನಿಗೇ ಗೊತ್ತಿರಲಿಲ್ಲ. ಆದರೂ ನೋಡಿದ.

ಗಾಡಿಯವನನ್ನು ಹಿಡಿದು ದನದ ದಲ್ಲಾಳಿಯ ಹತ್ತಿರ ಹೋದೆವು. ಎತ್ತುಗಳಿಗೆ ಇನ್ನೂ ಎಳೇ ಪ್ರಾಯ, ಯುದ್ಧ ಮುಗಿದು ಎಷ್ಟೋ ಕಾಲದ ಮೇಲೆ ಹುಟ್ಟಿದವು. ಯಾರೋ ಈಚೆಗೆ ಪಳಗಿಸಿರಲೇಬೇಕು. ರಬ್ಬರ್ ತೋಟದ ಕಡೆಯಿಂದ ಲಾರಿಯಲ್ಲಿ ಬಂದವು, ಯಾರದೆಂದು ಕೇಳಲಿಲ್ಲ ಎಂದ ದಲ್ಲಾಳಿ. ಕೈಯಲ್ಲಿ ಬೀಡಿ, ಮುಖದಲ್ಲಿ ಬೇಸರ. ಆ ಕಡೆ ಆಗ ಸರ್ಕಾರಕ್ಕೂ ಕಾಡಿನ ದಂಗೆಕೋರರಿಗೂ ಬಂದೂಕಿನ ಗಲಾಟೆ, ಪರವಾನಗಿ ಇಲ್ಲದೆ ಹೋಗುವ ಹಾಗಿಲ್ಲ. ನಮ್ಮ ಹಡಗು ಹೊರಟಿತು. ಹಿಂತಿರುಗುವಾಗ ನಾನು ಯಾರನ್ನೂ ನಗಿಸಲಿಲ್ಲ.

ಮಾರೇನಹಳ್ಳಿಯಲ್ಲಿ ಮುನಿಯಪ್ಪ ದರ್ಭೆಯ ಸಮೇತ ತಯಾರಾಗಿ ಕೂತಿದ್ದ. ನಂಜ ಎಲ್ಲ ಹೇಳಿದ. ಮುನಿಯಪ್ಪ ನನ್ನನ್ನು ಚರಂಡಿ ನೋಡುವ ಹಾಗೆ ನೋಡಿ, ಈ ಬಹುರೂಪಿ ನನ್ನ ಮಗನ ಆಟಕ್ಕೆ ತಿಥಿ ನಿಲ್ಲಿಸಬೇಕಾ ಎಂದ. ಎತ್ತಿಗೆ ಯಾವನೋ ಉಲ್ಟಾ ಕಲಿಸಿರ್ತಾನೆ, ಲೋಕದಲ್ಲಿ ನಮ್ಮಣ್ಣ ಒಬ್ಬನೇ ದಡ್ಡನಾ ಎಂದ. ನಿಜ ಹೇಳುತ್ತೇನೆ, ನನಗೂ ಅವನ ಮಾತೇ ಸರಿ ಎನ್ನಿಸಿತು.

ನಂಜನ ಅವ್ವ ಒಳಗಿಂದ ಬಂದು ನನ್ನೆದುರು ಕೂತರು. ಆ ಸದ್ದು ಮಾಡು ಎಂದರು. ಮಾಡಿದೆ. ಅದಲ್ಲ ಎಂದು ತಲೆಯಾಡಿಸಿದರು. ಕೆಮ್ಮಿದೆ, ಗೊರಕೆ ಹೊಡೆದೆ, ಗಂಟಲು ಹರಿಯುವ ತನಕ ಏನೇನೋ ಸದ್ದು ತೆಗೆದೆ. ಇಡೀ ಊರನ್ನು ನಾಲಗೆಯ ಮೇಲೆ ಇಟ್ಟುಕೊಂಡಿದ್ದವನಿಗೆ ಒಂದು ಸದ್ದು ಬರಲಿಲ್ಲ. ಅವ್ವ ಬಹಳ ಹೊತ್ತು ಕೇಳಿ, ಮುನಿಯಪ್ಪನ ಕಡೆ ತಿರುಗಿದರು.

“ಇವನಿಗೆ ಅದು ಬರೋ ಹಂಗಿದ್ರೆ ಅವತ್ತು ಬಾವಿ ಹತ್ರ ಎತ್ತು ನಿಲ್ಲಿಸ್ತಿರ್ಲಿಲ್ವಾ? ಎತ್ಕೊಂಡ್ ಹೋಗು ನಿನ್ ದರ್ಭೆನ.”

ತಿಥಿ ಆಗಲಿಲ್ಲ. ಬಳೆ ಒಡೆಯಲಿಲ್ಲ. ಅಲ್ಲಿಯ ಅಧಿಕಾರಿಗಳಿಗೆ ನಂಜ ಬರೆಸಿದ ಕಾಗದಗಳಿಗೆ ಉತ್ತರ ಬರಲಿಲ್ಲ, ಕೆಂಪಣ್ಣ ಇವತ್ತಿನವರೆಗೂ ಬಂದಿಲ್ಲ. ನನ್ನ ಹಿಂದೆ ನಿಂತು ಎತ್ತು ನಿಲ್ಲಿಸಿದವರು ಯಾರು? ಬದುಕಿದವನೋ, ಸತ್ತವನೋ, ನನಗೇ ಗೊತ್ತಿಲ್ಲದೆ ನನ್ನ ಗಂಟಲೋ? ಶೇಷುವಿನ ಹತ್ತಿರ ಇದಕ್ಕೆ ಮೂರು ವಿವರಣೆಗಳಿವೆ. ಬೇಕಾದವರು ಅವನನ್ನು ಕೇಳಿ, ಅನುಭವಿಸಿ.

ಈಗಲೂ ಬೀದಿಯಲ್ಲಿ ಸಿಕ್ಕಿದಾಗ ಅವ್ವ ನನ್ನನ್ನು ನಿಲ್ಲಿಸಿ, “ಬಂತೇನ್ಲಾ ಆ ಸದ್ದು?” ಎಂದು ಕೇಳುತ್ತಾರೆ. ಇನ್ನೂ ಇಲ್ಲ ಅವ್ವಾ ಎನ್ನುತ್ತೇನೆ. ಅವರ ಮುಖ ಗೆಲುವಾಗುತ್ತದೆ, ಬಳೆ ಸದ್ದು ಮಾಡಿಕೊಂಡು ಹೋಗುತ್ತಾರೆ. ಮೊದಲು ಒಬ್ಬನೇ ಇದ್ದಾಗ ಅದನ್ನು ಅಭ್ಯಾಸ ಮಾಡುತ್ತಿದ್ದೆ. ಈಗ ಬಿಟ್ಟುಬಿಟ್ಟಿದ್ದೇನೆ. ಒಂದು ವೇಳೆ ಬಂದುಬಿಟ್ಟರೆ?