ಅಲ್ಲಾಡುವ ಕಣ್ಣು

ಕಡೂರಿನ ಕಣ್ಣಿನ ಕ್ಯಾಂಪಿನಲ್ಲಿ ಪಟ್ಟಿ ಬಿಚ್ಚೋ ಕೆಲಸ ನನ್ನದು. ಆಗ ಪೊರೆ ಆಪರೇಷನ್ ಅಂದರೆ ಕಣ್ಣೊಳಗಿನ ಮಸೂರವನ್ನೇ ಇಡಿಯಾಗಿ ತೆಗೆದು, ದಪ್ಪ ಕನ್ನಡಕ ಕೊಟ್ಟು ಕಳಿಸೋದು. ಕೆಲಸಕ್ಕೆ ಹೊಸಬನಾದ ನನಗೆ ಇಷ್ಟು ಬಿಟ್ಟರೆ ಇನ್ನೇನೂ ತಿಳಿಯದು.

ಸಿಂಗಟಗೆರೆಯ ಒಬ್ಬ ಅಜ್ಜಿಯನ್ನು ಮಗ ಮರುತಪಾಸಣೆಗೆ ಕರೆತಂದಿದ್ದ. ಬಂದವನೇ ಜಗಳಕ್ಕೆ ನಿಂತ.

“ಏನ್ರೀ ಮಾಡಿದೀರಾ ನಮ್ಮವ್ವನ ಕಣ್ಣಿಗೆ? ಅತ್ತಿತ್ತ ನೋಡಿದ್ರೆ ಒಳಗೆ ಅಲ್ಲಾಡ್ತೈತೆ!”

ಟಾರ್ಚ್ ಬಿಟ್ಟು ನೋಡಿದೆ. ನಿಜ. ಅಜ್ಜಿ ಕಣ್ಣು ಹೊರಳಿಸಿದಾಗಲೆಲ್ಲ ಪಾಪೆಯ ಸುತ್ತಲಿನ ಕಂದು ಬಳೆ ಗಾಳಿಗೆ ಸಿಕ್ಕ ಪರದೆಯ ಹಾಗೆ ನಡುಗುತ್ತಿತ್ತು. ಒಂದು ಕಣ್ಣು ಹಾಳು ಮಾಡಿಬಿಟ್ಟೆವಲ್ಲ ಅಂತ ಡಾಕ್ಟರನ್ನು ಕರೆಯೋಕೆ ಓಡಿದೆ.

ಡಾಕ್ಟರು ನೋಡಿ ನಕ್ಕರು. “ಆ ಬಣ್ಣದ ಬಳೆ ಇದೆಯಲ್ಲಪ್ಪಾ, ಅದು ಹಿಂದಿನ ಮಸೂರಕ್ಕೆ ಒರಗಿಕೊಂಡಿರುತ್ತೆ. ಮಸೂರ ತೆಗೆದ ಮೇಲೆ ಒರಗೋಕೆ ಏನಿದೆ? ಅದಕ್ಕೇ ಅಲ್ಲಾಡುತ್ತೆ. ದೃಷ್ಟಿಗೇನೂ ತೊಂದರೆಯಿಲ್ಲ.”

ನನಗೆ ಹೋದ ಜೀವ ಬಂತು. ಮಗನಿಗೆ ಮಾತ್ರ ನಂಬಿಕೆ ಬರಲಿಲ್ಲ. ಅಷ್ಟರಲ್ಲಿ ಅಜ್ಜಿ ಕನ್ನಡಕ ಏರಿಸಿ ಅವನನ್ನು ಮೇಲಿಂದ ಕೆಳಗೆ ನೋಡಿತು.

“ಲೇ, ಅಂಗಿ ಗುಂಡಿ ತಪ್ಪಾಗಿ ಹಾಕ್ಕಂಡಿದೀಯಲ್ಲೋ. ಅಟ್ಟದ ಮೇಲಿನ ಕಾಯಿ ಒಳಗೆ ಅಲ್ಲಾಡಿದ್ರೆ ಕೊಬ್ಬರಿ ಆಯ್ತು ಅಂತೀಯ, ಅವ್ವನ ಕಣ್ಣು ಅಲ್ಲಾಡಿದ್ರೆ ಕೆಟ್ಟೋಯ್ತಾ?”

ಅವನು ಬಗ್ಗಿ ನೋಡಿಕೊಂಡು ಗುಂಡಿ ಸರಿಮಾಡಿಕೊಂಡ.

ಅಲ್ಲಿಂದ ಮುಂದೆ ಗಾಬರಿಯಾಗಿ ಬಂದವರಿಗೆಲ್ಲ ನಾನು ಹೇಳಿದ್ದು ಕೊಬ್ಬರಿ ಕತೆಯೇ. ಅಟ್ಟದಲ್ಲಿ ಕಾಯಿ ಒಣಗಿಸಿ ಕೊಬ್ಬರಿ ಮಾಡಿ ಗೊತ್ತಿಲ್ಲದ, ಅಡಿಕೆ ಬೆಳೆಯೋ ತರೀಕೆರೆ ಕಡೆಯವರು ಬಂದಾಗ ಮಾತ್ರ ಡಾಕ್ಟರನ್ನೇ ಕರೆಯಬೇಕಾಗುತ್ತಿತ್ತು.