ಮೂರು ಹಳ್ಳಿಗೆ ಒಂದೇ ಬ್ರೆಡ್ ವ್ಯಾನು

ಹದಿನೆಂಟು ವರ್ಷಗಳಿಂದ ಗಿಲೇನ್ ರೂಶೋನ್ ಫ್ರಾನ್ಸಿನ ನಮ್ಮ ಕ್ರೂಸ್ ಸೀಮೆಯ ಗುಡ್ಡದ ಮೂರು ಹಳ್ಳಿಗಳಿಗೆ ಬ್ರೆಡ್ಡಿನ ವ್ಯಾನು ಓಡಿಸುತ್ತಿದ್ದಳು. ಮೂರು ಸಲ ಹಾರ್ನ್ ಹೊಡೆದರೆ ಜನ ಮನೆಯ ಚಪ್ಪಲಿಯಲ್ಲೇ ಹೊರಬರುತ್ತಿದ್ದರು. ಬರಲಾಗದವರ ಗೇಟಿನ ಮೊಳೆಗೆ, ಬ್ರೆಡ್ ಹಾಕಿಹೋಗಲೆಂದು, ಚೀಲ ತೂಗುತ್ತಿತ್ತು. ಯಾರಿಗೆ ಹಲ್ಲಿಲ್ಲ, ಯಾರಿಗೆ ಸೀದ ಅಂಚೇ ಬೇಕು ಎಂಬುದೆಲ್ಲ ಅವಳಿಗೆ ಬಾಯಿಪಾಠ.

ಇಂಧನದ ಮೇಲೆ ಇಂಗಾಲದ ತೆರಿಗೆ ಬಂದು ಡೀಸೆಲ್ ಏರುತ್ತ ಹೋಯಿತು. ಜನವರಿಗೆ ಮತ್ತೆ ಏರಲಿದೆ ಎಂಬ ಸುದ್ದಿ ಯಾರಿಗೂ ಅರಗಲಿಲ್ಲ. ಬೇಕರಿಯ ಮಾಲೀಕ ಲೊಯಿಕ್‌ಗಂತೂ ಅಜೀರ್ಣವೇ ಆಯಿತು. ನವೆಂಬರಿನ ಒಂದು ಶನಿವಾರ ಬೆಳಿಗ್ಗೆ ತಾನೇ ಬಂದು ವ್ಯಾನಿನಲ್ಲಿ ಕೂತ.

"ಜನ ಎಷ್ಟು ಬರ್ತಾರೆ ನೋಡ್ತೀನಿ, ಗಿಲೇನ್. ಬರ್ಲಿಲ್ಲ ಅಂದ್ರೆ ನಿಮ್ಮ ಈ ಸುತ್ತಾಟ ಇವತ್ತಿಗೆ ಮುಗೀತು."

"ನಿಮ್ಮಪ್ಪನ ಕಾಲದಿಂದ ಓಡಿಸ್ತಿದೀನಪ್ಪ. ಚರ್ಚಿನ ಗಂಟೆಗಿಂತ ನನ್ನ ಹಾರ್ನ್‌ಗೆ ಭಕ್ತರು ಜಾಸ್ತಿ."

ಮೊದಲ ಹಳ್ಳಿಯಲ್ಲಿ ಹಾರ್ನ್ ಹೊಡೆದಳು. ಒಂದು ನಾಯಿ ಬಂತು. ಎರಡನೆಯದರಲ್ಲಿ ಅದೂ ಇಲ್ಲ, ಮೊಳೆಗಳೆಲ್ಲ ಖಾಲಿ. ಲೊಯಿಕ್ ಗಡಿಯಾರ ನೋಡಿಕೊಂಡ. ಮೂರನೆಯದರಲ್ಲಿ ಆರು ಸಲ ಹೊಡೆದಳು. ಕೊನೆಗೆ ಕಿಟಕಿಯೊಂದು ತೆರೆದು ಮುದುಕಿ ಮಾರ್ಸೆಲಿನ್ ತಲೆ ಹೊರಹಾಕಿದಳು.

"ಯಾಕೇ ಕಿವಿ ತೂತು ಮಾಡ್ತೀಯ? ಎಲ್ರೂ ತೆರಿಗೆ ಬೇಡ ಅಂತ ಹಳದಿ ಅಂಗಿ ಹಾಕ್ಕೊಂಡು ಹೆದ್ದಾರಿ ವೃತ್ತದಲ್ಲಿ ರಸ್ತೆ ತಡೆಯೋಕೆ ಹೋಗಿದಾರೆ. ಡೀಸೆಲ್ ಹೀಗೇ ಏರಿದ್ರೆ ನಿನ್ನ ಗಾಡಿ ನಿಂತೋಗತ್ತಲ್ಲ, ಅದಕ್ಕೇ."

ಗಿಲೇನ್ ಗಾಡಿ ತಿರುಗಿಸಿ, ಗುಡ್ಡದ ಇನ್ನೊಂದು ದಾರಿಯಿಂದ ಹೆದ್ದಾರಿಯ ವೃತ್ತಕ್ಕೆ ಇಳಿಸಿದಳು. "ಊರು ಎಲ್ಲಿದೆ ಅಂತ ತೋರಿಸ್ತೀನಿ ಬಾ."

ಅಲ್ಲಿ ನಾವೆಲ್ಲ ಟಯರು ಪೇರಿಸಿ, ಸಾಸೇಜ್ ಸುಡುತ್ತಿದ್ದೆವು. ಜೊತೆಗೆ ತಿನ್ನಲು ಬ್ರೆಡ್ಡಿರಲಿಲ್ಲ. ಹಾರ್ನ್ ಕೇಳಿದ್ದೇ ಮುಗಿಬಿದ್ದೆವು.

"ನಿನಗೋಸ್ಕರ ಚಳೀಲಿ ಸಾಯ್ತಿದೀವಿ ಕಣೇ," ಎಂದ ಬಡಗಿ ಓಡಿಲೋನ್.

"ಸಾಯೋ ಮುಂಚೆ ಚಿಲ್ಲರೆ ಕೊಡು."

ಕಾಲು ಗಂಟೆಯಲ್ಲಿ ವ್ಯಾನು ಖಾಲಿ. ಗಿಲೇನ್ ಉಸಿರು ಬಿಟ್ಟು ಮಾಲೀಕನತ್ತ ತಿರುಗಿದಳು. ಅವನ ಮುಖವೂ ಅರಳಿತ್ತು.

"ನೀವು ಹೇಳಿದ್ದೇ ನಿಜ, ಜನ ಬರ್ತಾರೆ. ಬೇಕರಿಯಿಂದ ಇಲ್ಲಿಗೆ ಬರೀ ಆರು ಕಿಲೋಮೀಟರು. ಸೋಮವಾರದಿಂದ ವ್ಯಾನು ಇಲ್ಲೇ ನಿಲ್ಲಲಿ. ಗುಡ್ಡ ಯಾಕೆ ಹತ್ತಬೇಕು? ಅವರೇ ಕಾರ್ ತಗೊಂಡು ಇಳಿದು ಬರ್ತಾರೆ."

"ಕಾರಿಲ್ಲದವರು?" ಎಂದು ಕೇಳಿದ ಗಿಲೇನ್, ಅವನನ್ನು ಬಿಟ್ಟು ನಮ್ಮನ್ನು ನೋಡಿದಳು. ನಮ್ಮೆಲ್ಲರ ಬಾಯಿ ತುಂಬ ಬ್ರೆಡ್ಡಿತ್ತು.