ಎಡಕ್ಕೆ ತಿರುಗಿದ ಮುದ್ರೆ

ಮೊನ್ನೆ ಶಾಲೆಯಲ್ಲಿ ಹೊಸ ಸ್ಟಾಂಪ್ ಪ್ಯಾಡಿನ ಡಬ್ಬಿ ಬಿಚ್ಚಿದೆ. ಮಕ್ಕಳ ವರ್ಗಾವಣೆ ಪತ್ರಗಳಿಗೆ ಮೊಹರು ಒತ್ತುವ ಕೆಲಸ ಯಾವಾಗಲೂ ನನ್ನ ತಲೆಗೇ ಬರುತ್ತದೆ. ಮುಚ್ಚಳ ತೆಗೆದದ್ದೇ ತಡ, ಆ ನೇರಳೆ ಇಂಕಿನ ವಾಸನೆ ಮೂಗಿಗೆ ಹೊಡೆಯಿತು. ಒಂದಿಷ್ಟು ಸ್ಪಿರಿಟ್ಟು, ಒಂದಿಷ್ಟು ಒದ್ದೆ ಬಟ್ಟೆ... ಮೊಹರು ಕೈಯಲ್ಲಿ ಹಿಡಿದುಕೊಂಡು ಹಾಗೇ ಕೂತುಬಿಟ್ಟೆ. ಪಕ್ಕದ ಮೇಡಂ, "ಏನ್ರೀ, ಹುಷಾರಿಲ್ವಾ?" ಅಂದರು. ಹುಷಾರಾಗಿಯೇ ಇದ್ದೆ. ರಾಮನಗರದ ಒಂದು ಕಾಲೇಜಿನ ಕೋಣೆ, ಅಲ್ಲಿ ಓಟು ಎಣಿಸುವ ಮೇಜಿನ ಮೇಲೆ ಬಗ್ಗಿ ನಿಂತಿದ್ದ ದೊಡ್ಡವ್ವ ನೆನಪಾಗಿದ್ದಳು, ಅಷ್ಟೇ.

ದೊಡ್ಡವ್ವ ಅಂದರೆ ನನ್ನ ಅಮ್ಮನ ಅಕ್ಕ ಅಲ್ಲ. ರಕ್ತಸಂಬಂಧ ಏನೂ ಇಲ್ಲ. ಕೂಟಗಲ್ ಹೋಬಳಿಯ ನಮ್ಮೂರಲ್ಲಿ ನಮ್ಮ ಹಿತ್ತಿಲಿಗೆ ಅಂಟಿಕೊಂಡ ಮನೆಯವಳು. ಗಂಡ ತೀರಿಹೋದ ಮೇಲೆ ಅವನ ಕುರಿಮಂದೆಯನ್ನು ತಾನೇ ಮೇಯಿಸುತ್ತಿದ್ದಳು. ಊರಿನ ನಮ್ಮ ವಯಸ್ಸಿನವರಿಗೆಲ್ಲ ಅವಳು ದೊಡ್ಡವ್ವನೇ.

ಅವಳಿಗೆ ಇದ್ದದ್ದು ಒಂದೇ ಕಾಯಿಲೆ, ಪ್ರಶ್ನೆ ಕೇಳುವುದು. "ಅದ್ಯಾಕೆ?" ಅನ್ನದೆ ಅವಳಿಗೆ ಉಂಡದ್ದು ಅರಗುತ್ತಿರಲಿಲ್ಲ. ಬಸ್ಸಿನ ಬಾಗಿಲು ಯಾಕೆ ಎಡಗಡೆ, ರೇಷ್ಮೆ ಹುಳಕ್ಕೆ ಯಾಕೆ ಬೇರೆ ಸೊಪ್ಪು ರುಚಿಸುವುದಿಲ್ಲ, ಆಧಾರ್ ಕಾರ್ಡಿನಲ್ಲಿ ಎಲ್ಲರೂ ಯಾಕೆ ಕಳ್ಳರ ಥರಾ ಕಾಣುತ್ತಾರೆ... ನಾನಾಗ ಡಿಗ್ರಿ ಓದುತ್ತಿದ್ದವಳು. ಓದಿದವಳಿಗೆ ಎಲ್ಲ ಗೊತ್ತಿರುತ್ತದೆ ಅಂತ ಅವಳ ನಂಬಿಕೆ. ಕಾಲೇಜಿನಿಂದ ಬಂದು ಚಪ್ಪಲಿ ಬಿಡುವ ಮೊದಲೇ ಹಿತ್ತಿಲ ಬೇಲಿಯಿಂದ ಅವಳ ತಲೆ ಕಾಣಿಸುತ್ತಿತ್ತು. ನನಗಂತೂ ತಲೆ ಚಿಟ್ಟು ಹಿಡಿದುಹೋಗುತ್ತಿತ್ತು.

ಒಂದು ಸಲ ಎಂಪಿ ಎಲೆಕ್ಷನ್ನಿಗೆ ಓಟು ಹಾಕಿ ಬಂದವಳು ಬೆರಳಿನ ಶಾಯಿಯನ್ನೂ ಒಣಗಲು ಬಿಡದೆ ಕೇಳಿದಳು: "ಮಗಾ, ಆ ದೊಡ್ಡ ಪಾರ್ಟಿಯೋರು ಯಾವಾಗ್ಲೂ ಮಿಷಿನ್ನಾಗೆ ಮೇಲ್ಗಡೆನೇ ಇರ್ತಾರಲ್ಲ, ಅದ್ಯಾಕೆ? ಪಕ್ಷೇತರದೋರು ತಳದಾಗೇ ಯಾಕೆ ಬಿದ್ದಿರ್ಬೇಕು?"

ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಅನ್ನಲು ಜಂಬ ಬಿಡಲಿಲ್ಲ. ಮಾರನೆಯ ದಿನ ಕಾಲೇಜಿನಲ್ಲಿ ಮೇಷ್ಟ್ರನ್ನು ಕೇಳಿಕೊಂಡು ಬಂದು ಹೇಳಿದೆ. ಮಾನ್ಯತೆ ಪಡೆದ ಪಕ್ಷಗಳವರು ಮೊದಲು, ಬರೀ ನೋಂದಣಿಯಾದ ಪಕ್ಷಗಳವರು ಆಮೇಲೆ, ಪಕ್ಷೇತರರು ಕೊನೆಗೆ. ಒಂದೊಂದು ಗುಂಪಿನ ಒಳಗೆ ಅಕ್ಷರಮಾಲೆಯ ಕ್ರಮ. ದೊಡ್ಡವ್ವ ಎಲೆಗೆ ಸುಣ್ಣ ಸವರುತ್ತಾ ಕೇಳಿಸಿಕೊಂಡಳು.

"ಓ, ಮದ್ವೆ ಮನೆ ಪಂಕ್ತಿ ಇದ್ದಂಗೆ ಅನ್ನು. ಮೊದ್ಲು ಬೀಗ್ರು, ಆಮ್ಯಾಕೆ ನೆಂಟ್ರು, ಕೊನೇಗೆ ಊರೋರು. ಮತ್ತೆ ಆ ಯಾರೂ ಬ್ಯಾಡ ಅನ್ನೋ ಗುಂಡಿ ಒಂದೈತಲ್ಲ?"

"ಅದು ಎಲ್ಲರಿಗಿಂತ ಕೆಳಗೆ, ದೊಡ್ಡವ್ವ."

"ಅದು ಕೈ ತೊಳ್ಯೋ ಜಾಗ ಬುಡು," ಅಂದು ನಕ್ಕಳು.

ಇಂಥವಳು ಗ್ರಾಮ ಪಂಚಾಯ್ತಿ ಚುನಾವಣೆಗೆ ನಿಲ್ಲುತ್ತಾಳೆ ಅಂತ ಯಾರು ಅಂದುಕೊಂಡಿದ್ದರು? ಆದರೆ ಆ ಸಲ ನಮ್ಮ ವಾರ್ಡಿನ ಒಂದೇ ಒಂದು ಸೀಟು ಹೆಂಗಸರಿಗೆ ಮೀಸಲಾಯಿತು. ಜಮೀನಿನ ವ್ಯಾಪಾರ ಮಾಡುತ್ತಿದ್ದ ಊರಿನವನೊಬ್ಬ ತನ್ನ ಹೆಂಡತಿಯನ್ನು ನಿಲ್ಲಿಸಿದ. ಅವನ ಲೆಕ್ಕಾಚಾರ ಊರಿಗೆಲ್ಲ ಗೊತ್ತಿತ್ತು. ಕುರಿಗಳು ಗೋಮಾಳಕ್ಕೂ ಕಟ್ಟೆಯ ನೀರಿಗೂ ಹೋಗುವ ದಾರಿಯ ಆ ಕಡೆ ಈ ಕಡೆ ಎರಡೂ ಹೊಲಗಳನ್ನು ಅವನು ಕೊಂಡುಕೊಂಡಿದ್ದ. ನಡುವಿನ ದಾರಿ ಒಂದು ಸೇರಿಬಿಟ್ಟರೆ ದೊಡ್ಡ ಲೇಔಟ್ ಆಗುತ್ತಿತ್ತು. ದಾರಿ ಬಳಕೆಯಲ್ಲಿಲ್ಲ ಅಂತ ಪಂಚಾಯ್ತಿ ಒಪ್ಪಿಗೆ ಕೊಟ್ಟರೆ ಸಾಕಿತ್ತು. ಸ್ವಂತ ಹೆಂಡತಿಯೇ ಮೆಂಬರ್ ಆದರೆ ತಡೆಯುವವರು ಯಾರು?

"ಆ ದಾರಿ ಓದ್ರೆ ನನ್ ಕುರಿಗೊಳು ಟಾರ್ ರೋಡ್ನಾಗೆ ಲಾರಿ ಮುಂದೆ ಓಡ್ಬೇಕಾಯ್ತದೆ. ನಾನೇ ನಿಂತ್ಕತೀನಿ," ಅಂದಳು ದೊಡ್ಡವ್ವ. ನಾನು ತಮಾಷೆ ಅಂದುಕೊಂಡೆ. ಮರುದಿನ ಬೆಳಗ್ಗೆ ತಲೆ ಬಾಚಿ, ಮಗಳ ಮದುವೆಯ ಸೀರೆ ಉಟ್ಟು, ಅರ್ಜಿ ಹಾಕಲು ನನ್ನನ್ನು ಎಳೆದುಕೊಂಡು ಹೊರಟೇಬಿಟ್ಟಳು.

ಗುರುತು ಹಂಚುವ ದಿನ ಅವಳು ಕುರಿ ಗುರುತು ಬೇಕು ಅಂದಳು. ಪ್ರಾಣಿಗಳ ಗುರುತು ಕೊಡುವುದಿಲ್ಲ ಅಂದರು ಚುನಾವಣಾಧಿಕಾರಿ. "ಅದ್ಯಾಕೆ ಸಾಮಿ?" ಅವರಿಗೆ ಗೊತ್ತಿರಲಿಲ್ಲ. ಹಿಂದೆ ಅಭ್ಯರ್ಥಿಗಳು ಗುರುತಿನ ಪ್ರಾಣಿಗಳನ್ನೇ ಹಿಡಿದು ತಂದು ಮೆರವಣಿಗೆ ಮಾಡಿ ಹಿಂಸೆ ಕೊಡುತ್ತಿದ್ದರಂತೆ, ಅದಕ್ಕೇ ನಿಲ್ಲಿಸಿದರಂತೆ ಅಂತ ಆಮೇಲೆ ನಾನೇ ಯಾರನ್ನೋ ಕೇಳಿ ತಿಳಿದುಕೊಂಡು ಹೇಳಿದೆ. ಅವಳು ಒಂದು ಗಳಿಗೆ ಯೋಚಿಸಿ, "ಒಳ್ಳೇದೇ ಮಾಡವ್ರೆ. ನಾನೇ ನಮ್ ಟಗರಿನ ಕತ್ಗೆ ಹಾರ ಹಾಕಿ ಬಿಸ್ಲಾಗೆ ಬೀದಿ ಬೀದಿ ಎಳ್ಕಂಡ್ ಓಯ್ತಿದ್ದೆ," ಅಂತ ಒಪ್ಪಿಕೊಂಡಳು. ಕುರಿ ಸಿಗದಿದ್ದರೆ ಕುರಿಯ ಉಣ್ಣೆ ಕತ್ತರಿಸುವ ಕತ್ತರಿಯಾದರೂ ಇರಲಿ ಅಂತ ಕತ್ತರಿ ಗುರುತು ತೆಗೆದುಕೊಂಡಳು. ಎದುರಾಳಿಗೆ ಆಟೋ. ಇನ್ನೊಬ್ಬಳು ಸುಮ್ಮನೆ ಹೆಸರಿಗೆ ನಿಂತಿದ್ದಳು. ಪಂಚಾಯ್ತಿ ಚುನಾವಣೆಯಲ್ಲಿ ಪಕ್ಷಗಳಿಲ್ಲದ ಕಾರಣ ಮೂರು ಹೆಸರೂ ಅಕ್ಷರಮಾಲೆಯ ಕ್ರಮದಲ್ಲೇ ಬಂದವು. ಮೇಲೆ ಆ ಹೆಸರಿಗೆ ನಿಂತವಳು, ನಡುವೆ ಆಟೋ, ಕೆಳಗೆ ಕತ್ತರಿ. "ಸದ್ಯ, ಇಲ್ಲಿ ಎಲ್ರೂ ಊರೋರೇ," ಅಂದಳು ದೊಡ್ಡವ್ವ.

ನಮ್ಮ ಪಂಚಾಯ್ತಿಗೆ ಮಿಷಿನ್ ಇರಲಿಲ್ಲ, ಕಾಗದದ ಚೀಟಿ. ಅಭ್ಯರ್ಥಿಗಳ ಸಭೆಯಲ್ಲಿ ಅಧಿಕಾರಿ ಒಂದು ಮಾತು ಹೇಳಿದರು: ಮೊಹರು ಒತ್ತಿದ ಮೇಲೆ ಚೀಟಿಯನ್ನು ಮೊದಲು ಉದ್ದಕ್ಕೆ ಮಡಚಲು ಮತದಾರರಿಗೆ ತಿಳಿಸಿ. ಬೇರೆಯವರು ತಲೆ ಆಡಿಸಿದರು. ದೊಡ್ಡವ್ವ ಬಿಟ್ಟಾಳೆಯೇ? ಯಾಕೆ ಅಂತ ಕೇಳಿಯೇ ಕೇಳಿದಳು. ಉದ್ದಕ್ಕೆ ಮಡಚಿದರೆ ಹಸಿ ಇಂಕು ಅದೇ ಸಾಲಿನ ಆ ಬದಿಗೆ, ಅಂದರೆ ಅದೇ ಅಭ್ಯರ್ಥಿಯ ಹೆಸರಿನ ಮೇಲೆ ಅಂಟುತ್ತದೆ. ಅಡ್ಡಕ್ಕೆ ಮಡಚಿದರೆ ಮೇಲಿನವರ ಇಂಕು ಕೆಳಗಿನವರ ಮೇಲೆ ಅಂಟಿ, ಎರಡು ಓಟು ಒತ್ತಿದ ಹಾಗೆ ಕಾಣುತ್ತದೆ.

ಈ ವಿಷಯ ಅವಳಿಗೆ ಎಷ್ಟು ಹಿಡಿಸಿತೆಂದರೆ ಅವಳ ಪ್ರಚಾರವೆಲ್ಲ ಅದೇ ಆಯಿತು. ಓಟು ಕೊಡಿ ಅನ್ನುವುದಕ್ಕಿಂತ ಮಡಚುವುದು ಹೇಗೆ ಅಂತ ಹೇಳಿದ್ದೇ ಹೆಚ್ಚು. ಜಗಲಿ ಜಗಲಿಯ ಮೇಲೆ ಕೂತು, ಎಲೆ ಅಡಿಕೆ ತಟ್ಟೆಯಿಂದ ಒಂದು ವೀಳ್ಯದೆಲೆ ಎತ್ತಿ, ನಡುವಿನ ನಾರಿನ ಉದ್ದಕ್ಕೂ ಮಡಚಿ ತೋರಿಸುತ್ತಿದ್ದಳು. "ಇಂಗೆ ಕಣವ್ವಾ. ಎಲೆ ಮಡ್ಚಂಗೆ. ಅಡ್ಡಕ್ಕೆ ಮಡ್ಚುದ್ರೆ ಕೆಟ್ಟೋಯ್ತದೆ." ಮಡಚಿದ ಎಲೆಯನ್ನು ಆಮೇಲೆ ತಾನೇ ಬಾಯಿಗೆ ಹಾಕಿಕೊಳ್ಳುತ್ತಿದ್ದಳು. ಪ್ರಚಾರ ಮುಗಿಯುವ ಹೊತ್ತಿಗೆ ಬಾಯೆಲ್ಲ ಸುಣ್ಣಕ್ಕೆ ಬೆಂದುಹೋಗಿತ್ತು. ಆಟೋದವರ ಬೀದಿಗೆ ಮಾತ್ರ ಹೋಗಲಿಲ್ಲ. ಹೋದರೆ ಜಗಳ ಆಗುತ್ತದೆ ಅಂತ ನಾವೇ ತಡೆದೆವು.

ಎಣಿಕೆಯ ದಿನ ಅವಳ ಜೊತೆ ಏಜೆಂಟಾಗಿ ಒಳಗೆ ಹೋದವಳು ನಾನು. ಕೋಣೆಯ ತುಂಬ ಆ ಇಂಕಿನ ವಾಸನೆ, ಫ್ಯಾನಿನ ಕಿರಕಿರ, ಕಂತೆ ಕಟ್ಟುವ ರಬ್ಬರ್ ಬ್ಯಾಂಡಿನ ಸದ್ದು... ಎಣಿಸಿ ಮುಗಿಸಿದಾಗ ಕತ್ತರಿಗೂ ಆಟೋಗೂ ಸಮ ಸಮ. ಮತ್ತೆ ಎಣಿಸಿದರು. ಸಮವೇ. ಪಕ್ಕದಲ್ಲಿ ಒಂದೇ ಒಂದು ಚೀಟಿ ತಿರಸ್ಕೃತ ಅಂತ ಬಿದ್ದಿತ್ತು. ಆಟೋ ಮೇಲೊಂದು ಮುದ್ರೆ, ಕತ್ತರಿ ಮೇಲೊಂದು ಮುದ್ರೆ, ಎರಡು ಕಡೆ ಒತ್ತಿದ್ದಾರೆ ಅಂತ ತೆಗೆದಿಟ್ಟಿದ್ದರು. ಸಮ ಬಂದರೆ ಲಾಟರಿ ಎತ್ತುವುದು ನಿಯಮ. ಅಧಿಕಾರಿ ಇಬ್ಬರ ಹೆಸರನ್ನು ಎರಡು ತುಂಡು ಕಾಗದದ ಮೇಲೆ ಬರೆಯತೊಡಗಿದರು. ಆಟೋದವಳ ಗಂಡ ಬಾಗಿಲ ಹತ್ತಿರ ಹೋಗಿ ಯಾರೊಂದಿಗೋ ಪಿಸುಗುಟ್ಟುತ್ತಿದ್ದ. ನಾನು ಗೊತ್ತಿದ್ದ ದೇವರಿಗೆಲ್ಲ ಹರಕೆ ಹೊತ್ತೆ.

ಆಗ ದೊಡ್ಡವ್ವ, "ಸಾಮಿ, ಆ ಕೆಟ್ಟೋದ ಚೀಟಿ ಒಸಿ ತೋರ್ಸ್ತೀರಾ?" ಅಂದಳು.

ಅವರು ದೂರದಿಂದಲೇ ಹಿಡಿದು ತೋರಿಸಿದರು. ಇವಳು ಮೇಜಿನ ಮೇಲೆ ಬಗ್ಗಿ, ಕಣ್ಣು ಕಿರಿದು ಮಾಡಿ ನೋಡಿದಳು. ಮೊಹರು ಸ್ವಸ್ತಿಕದ ಥರದ್ದು, ನಾಲ್ಕು ತೋಳು ಬಾಗಿದ್ದು.

"ಇದ್ಯಾಕೆ ಸಾಮಿ, ಆಟೋ ಮೇಲಿರೋದು ಬಲಕ್ಕೆ ತಿರ್ಗೈತೆ, ಕತ್ರಿ ಮೇಲಿರೋದು ಎಡಕ್ಕೆ ತಿರ್ಗೈತೆ?"

ನನಗೆ ಆ ಕ್ಷಣವೇ ಹೊಳೆದುಹೋಯಿತು. ಅಧಿಕಾರಿ ಬರೆಯುವುದನ್ನು ನಿಲ್ಲಿಸಿದರು. ಕನ್ನಡಕ ಏರಿಸಿ ಚೀಟಿಯನ್ನು ಹತ್ತಿರ ಹಿಡಿದು ನೋಡಿದರು. ಅದರ ಮೇಲಿದ್ದ ಅಡ್ಡ ಮಡಿಕೆಯ ಗುರುತಿನ ಮೇಲೇ ಮತ್ತೆ ಮಡಚಿದರು. ಎರಡು ಮುದ್ರೆಗಳೂ ಒಂದರ ಮೇಲೊಂದು ಸರಿಯಾಗಿ ಕೂತವು.

"ಕರೆಕ್ಟ್ ಅಮ್ಮ," ಅಂದರು. "ಇದು ಎರಡು ಓಟಲ್ಲ, ಒಂದೇ. ಆಟೋಗೆ ಒತ್ತಿ ಅಡ್ಡ ಮಡಚಿದ್ದಾರೆ, ಇಂಕು ಕತ್ತರಿ ಮೇಲೆ ಅಂಟಿದೆ. ಮೊಹರು ಹೀಗೆ ತಿರುವಿ ಮಾಡಿರೋದೇ ಅದಕ್ಕೆ. ಅಂಟಿದ್ದು ಉಲ್ಟಾ ಬೀಳುತ್ತೆ, ಒತ್ತಿದ್ದು ಯಾವುದು ಅಂತ ಗೊತ್ತಾಗಲಿ ಅಂತ."

"ಅಬ್ಬಬ್ಬಾ!" ದೊಡ್ಡವ್ವನ ಮುಖ ಅರಳಿಹೋಯಿತು. ನನ್ನ ಪಕ್ಕೆಗೆ ತಿವಿದಳು. "ಎಂಥಾ ತಲೆ ಓಡ್ಸವ್ರೆ ನೋಡ್ದೇನೇ! ಬರೀ ಒಂದು ರಬ್ಬರ್ ಮೊಹರ್ನಾಗೆ!"

ಅವಳ ಆ ಖುಷಿ ಎಷ್ಟು ಹೊತ್ತು ಇತ್ತೋ... ಆ ಚೀಟಿ ತಿರಸ್ಕೃತದ ಜಾಗದಿಂದ ಆಟೋ ಕಂತೆಯ ಮೇಲೆ ಹೋಗಿ ಕೂತಾಗ ಅವಳಿಗೆ ಅರ್ಥವಾಯಿತು. ಒಂದು ಓಟಿನಿಂದ ಸೋತಿದ್ದಳು. ಅಧಿಕಾರಿ ಆ ಎರಡು ತುಂಡು ಕಾಗದಗಳನ್ನು ಹರಿದು ಜೇಬಿಗೆ ಹಾಕಿಕೊಂಡರು. ಬಾಗಿಲಲ್ಲಿದ್ದವನಿಗೆ ಏನಾಯಿತು ಅಂತಲೇ ತಿಳಿಯಲಿಲ್ಲ, ಗೆದ್ದೆವು ಅಂತ ಮಾತ್ರ ಕೇಳಿ ಕೂಗಿಕೊಂಡ. ವಾಪಸ್ಸು ಬರುವಾಗ ಬಸ್ಸಿನಲ್ಲಿ ದೊಡ್ಡವ್ವ ನನ್ನ ಕೈ ಹಿಡಿದುಕೊಂಡೇ ಕೂತಿದ್ದಳು. ನಾನು ಕೈ ಬಿಡಿಸಿಕೊಂಡೆ. ಅಷ್ಟು ಸಿಟ್ಟು ಬಂದಿತ್ತು ನನಗೆ.

ಕತ್ತರಿ ದೊಡ್ಡವ್ವ ತನ್ನ ಬುಡ ತಾನೇ ಕತ್ತರಿಸಿಕೊಂಡಳು ಅಂತ ಊರು ನಕ್ಕಿತು. ವರ್ಷ ತುಂಬುವುದರೊಳಗೆ ದಾರಿಗೆ ಕಲ್ಲುಕಂಬ ಬಿದ್ದವು, ತಂತಿ ಬಿತ್ತು. ಕೆಲವು ತಿಂಗಳು ಅವಳು ಮಂದೆಯನ್ನು ಟಾರ್ ರಸ್ತೆಯ ಅಂಚಿನಲ್ಲೇ ಹೊಡೆದುಕೊಂಡು ಹೋದಳು. ಎರಡು ಮರಿಗಳು ಟೆಂಪೋಗೆ ಸಿಕ್ಕವು. ಆಮೇಲೆ ಕೋಡಿಹಳ್ಳಿ ಕಡೆಯವರೊಬ್ಬರು ಬಂದು ದುಡ್ಡು ಎಣಿಸಿಕೊಟ್ಟು ಇಡೀ ಮಂದೆಯನ್ನು ಹೊಡೆದುಕೊಂಡು ಹೋದರು. ಅವತ್ತು ಹಿತ್ತಿಲ ಬೇಲಿಯಲ್ಲಿ ಅವಳ ತಲೆ ಕಾಣಿಸಲಿಲ್ಲ.

ನನಗೆ ಕೆಲಸ ಸಿಕ್ಕ ಮೇಲೆ ಒಂದು ಸಲ ಊರಿಗೆ ಹೋದಾಗ ಕೇಳಿಯೇಬಿಟ್ಟೆ. ಅಷ್ಟು ವರ್ಷ ಒಳಗೇ ಇಟ್ಟುಕೊಂಡಿದ್ದೆ. "ಅವತ್ತು ಒಂದು ನಿಮಿಷ ಬಾಯಿ ಮುಚ್ಕೊಂಡಿದ್ರೆ ಏನಾಗ್ತಿತ್ತು ದೊಡ್ಡವ್ವ ನಿಂಗೆ?"

ಅವಳು ಜಗಲಿಯ ಮೇಲೆ ಅವರೆಕಾಯಿ ಬಿಡಿಸುತ್ತಿದ್ದಳು. ತಲೆ ಎತ್ತಲಿಲ್ಲ.

"ಬಾಯಿಗೆ ಬಂದ್ಬುಡ್ತು ಕಣವ್ವ. ಗೊತ್ತಿದ್ದಿದ್ರೆ ಕೇಳ್ತಿದ್ನಾ ಅಂತ ನಾನೂ ಯೋಚ್ನೆ ಮಾಡೀನಿ. ಒಂದೊಂದ್ ದಿನ ಕೇಳ್ತಿರ್ನಿಲ್ಲ ಅನ್ನುಸ್ತದೆ. ಕುರಿ ಗ್ಯಾನ ಬಂದಾಗ." ಕೈಯಲ್ಲಿದ್ದ ಕಾಯಿ ಬಿಡಿಸಿ ಕಾಳನ್ನು ಮೊರಕ್ಕೆ ಹಾಕಿದಳು. "ಆದ್ರೆ ಅವಳ್ಯಾರೋ ಬಿಸ್ಲಾಗೆ ಕ್ಯೂ ನಿಂತು ಒತ್ತವ್ಳೆ. ಮಡ್ಚಾಕ್ ಬರ್ನಿಲ್ಲ ಅಂತ ಅವಳ ಓಟ್ನ ಕಸಕ್ಕೆ ಹಾಕದಾ? ನಾನು ಅವ್ರ್ ಬೀದಿಗೆ ಓಗಿ ಎಲೆ ಮಡ್ಚಿ ತೋರ್ಸ್ನಿಲ್ಲ. ಅವ್ರಿಗೂ ತೋರ್ಸ್ಬೇಕಾಗಿತ್ತು."

ಅವಳ ಜೊತೆ ಕೂತು ನಾನೂ ಒಂದಿಷ್ಟು ಕಾಯಿ ಬಿಡಿಸಿದೆ. ಹೋದ ವರ್ಷ ಬೇಸಿಗೆಯಲ್ಲಿ, ಕನಕಪುರದ ಕಡೆಯ ತನ್ನ ಮಗಳ ಮನೆಯಲ್ಲಿ ದೊಡ್ಡವ್ವ ತೀರಿಕೊಂಡಳು. ನನಗೆ ಸುದ್ದಿ ಗೊತ್ತಾದದ್ದು ತಿಥಿಯೆಲ್ಲ ಮುಗಿದ ಮೇಲೆ...

ಈಗ ನಾನು ನಮ್ಮೂರ ಶಾಲೆಗೇ ವರ್ಗವಾಗಿ ಬಂದಿದ್ದೇನೆ. ಆ ಜಾಗದಲ್ಲಿ ಲೇಔಟ್ ಇದೆ. ಕುರಿ ದಾರಿಯ ಮೇಲೆಯೇ ಅದರ ಮುಖ್ಯ ರಸ್ತೆ, ಎರಡೂ ಕಡೆ ಬೀದಿ ದೀಪ. ನನ್ನ ಕ್ಲಾಸಿನ ಇಬ್ಬರು ಮಕ್ಕಳ ಮನೆ ಅಲ್ಲೇ. ಒಳ್ಳೆಯ ಮಕ್ಕಳು, ಅವರ ತಂದೆತಾಯಿಯೂ ಒಳ್ಳೆಯವರೇ. ಆ ರಸ್ತೆಯಲ್ಲಿ ನಡೆದು ಹೋಗುವಾಗಲೆಲ್ಲ ಅವಳು ಮಾಡಿದ್ದು ಸರಿ ಅಂತ ನನಗೆ ನಾನೇ ಹೇಳಿಕೊಳ್ಳುತ್ತೇನೆ. ಯಾರೋ ಒಬ್ಬರ ಓಟು ಎಣಿಕೆಗೆ ಬಂತು, ಬರಲೇಬೇಕಿತ್ತು. ಮಕ್ಕಳಿಗೂ ನಾನು ಪಾಠ ಮಾಡುವುದು ಅದನ್ನೇ. ಆದರೂ ಹೇಳುತ್ತೇನೆ, ಯಾರು ಏನಾದರೂ ಅಂದುಕೊಳ್ಳಲಿ. ನನ್ನ ದೊಡ್ಡವ್ವ ಗೆಲ್ಲಬೇಕಾಗಿತ್ತು.